ಬಾಗಿಲ ಮುಂದಿನ ರಟ್ಟಿನ ಡಬ್ಬ

ಜನವರಿ 11

ಮಹಾರಾಯಿತಿ ತಂಗಿಗೆ,

ಇತ್ತ ನಾನು ಕ್ಷೇಮ. ಅತ್ತ ನೀವೆಲ್ಲ ಕ್ಷೇಮ ಎಂದು ನಿನ್ನ ಕಾಗದ ಹೇಳುತ್ತದೆ, ನಾನು ನಂಬುವುದಿಲ್ಲ. ಮೊದಲ ಪುಟದಲ್ಲಿ ಏಪ್ರಿಲ್‌ನಿಂದ ನಿನ್ನ ಗಂಡ ದುಡಿಯುವ ಡಬ್ಬದ ಕಾರ್ಖಾನೆಯಲ್ಲಿ ಓವರ್‌ಟೈಮ್ ಇಲ್ಲ, ವಾರಕ್ಕೆ ನಾಲ್ಕೇ ದಿನ ಕೆಲಸ, ಕೆಲವರನ್ನು ಮನೆಗೇ ಕಳಿಸುತ್ತಾರಂತೆ ಎಂದು ಬರೆದಿದ್ದೀಯ. ಪುಟ ತಿರುವಿದರೆ ಮನೆಗೆ ಎರಡು ಬಾಗಿಲಿನ ಫ್ರಿಜ್ ಬಂದಿದೆ, ಅದರ ಡಬ್ಬ ಬಾಗಿಲ ಮುಂದೆ ಇಟ್ಟರೆ ಓಡಾಡಲು ಜಾಗ ಸಾಲದು ಎಂದು ಬರೆದಿದ್ದೀಯ. ಎರಡು ಪುಟವನ್ನೂ ಬರೆದವಳು ಒಬ್ಬಳೇ ಹೌದೋ ಅಲ್ಲವೋ ಎಂದು ಅಕ್ಷರ ಹೋಲಿಸಿ ನೋಡಿದೆ. ಎರಡರಲ್ಲೂ ನಿನ್ನದೇ ಕಾಗೆ ಕಾಲು, ಗುಬ್ಬಿ ಕಾಲು.

ಫೋನ್ ಮಾಡಿ ಬೈಯೋಣ ಎಂದುಕೊಂಡೆ. ಫೋನಿನಲ್ಲಿ ಬೈದರೆ ನೀನು ಕಟ್ ಮಾಡಿಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ, ಇನ್ನೇನು ಬೈದಿದ್ದಾಳೆ ನೋಡೋಣ ಅಂತ. ಆ ಕೆಟ್ಟ ಕುತೂಹಲ ನಿನಗೆ ಚಿಕ್ಕಂದಿನಿಂದಲೂ ಇದೆ.

ನಿನ್ನ ದೊರೆಯಂಥವರನ್ನು ನಾನು ದಿನಾ ನೋಡುತ್ತೇನೆ ಕಣೇ. ನಮ್ಮ ಪೀಠೋಪಕರಣದ ಅಂಗಡಿಗೆ ಈಗ ಬರುತ್ತಿರುವುದೆಲ್ಲ ಇದೇ ಜಾತಿ. ನಿನ್ನೆ ಒಬ್ಬ ಬಂದ, ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು. ಆರು ಜನ ಕೂರುವ ಊಟದ ಮೇಜು ತೋರಿಸಿದೆ. "ಇದಕ್ಕಿಂತ ದೊಡ್ಡದಿಲ್ವಾ?" ಅಂದ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. "ಮೂರು" ಅಂದ. ಎಂಟು ಜನರ ಮೇಜು ತೋರಿಸಿದೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಈ ತಿಂಗಳೇ ಆಗ್ಬೇಕು ಮೇಡಮ್, ಮುಂದಿನ ತಿಂಗಳಿಂದ ಇವರ ಸಂಬಳ ಕಮ್ಮಿ ಆಗುತ್ತೆ, ಆಮೇಲೆ ಕಂತಿನ ಮೇಲೆ ಕೊಡಲ್ಲ ಅಂತಾರೆ" ಅಂದಳು. ಏನೋ ಮಹಾ ಉಪಾಯ ಕಂಡುಹಿಡಿದವಳ ಹಾಗೆ ಕಣ್ಣು ಮಿಟುಕಿಸಿದಳು. ಸಂಬಳ ಇಳಿಯುತ್ತದೆ ಎಂದು ಗೊತ್ತಿದ್ದೇ ಕೊರಳಿಗೆ ಕಲ್ಲು ಕಟ್ಟಿಕೊಳ್ಳುತ್ತಾರೆ, ಅದಕ್ಕೆ ನನ್ನಿಂದ ಅಭಿನಂದನೆ ಬೇರೆ ಬೇಕು. ನಾನು ನಕ್ಕು ರಸೀದಿ ಬರೆದುಕೊಟ್ಟೆ. ನನಗೆ ಕಮಿಷನ್ ಬರುತ್ತದೆ, ನಾನೇಕೆ ಅಳಲಿ?

ನಿಮ್ಮ ವಿಷಯಕ್ಕೆ ಮಾತ್ರ ನಗು ಬರಲಿಲ್ಲ. ನಾವು ಮಾತಾಡಿಕೊಂಡದ್ದು ನೆನಪಿದೆಯೋ, ಫ್ರಿಜ್ಜಿನ ತಂಪಿಗೆ ಮರೆತುಹೋಯಿತೋ? ನಿನ್ನ ಮಗಳು ಕೂಸಿನ ಲ್ಯಾಬ್ ಕೋರ್ಸಿನ ಫೀಸಿನಲ್ಲಿ ಅರ್ಧ ನೀವು, ಅರ್ಧ ನಾನು. ಏಪ್ರಿಲ್ ಇಪ್ಪತ್ತರೊಳಗೆ ಪೂರ್ತಿ ಕಟ್ಟಬೇಕು, ಇಲ್ಲವಾದರೆ ಸೀಟು ಹಿಂದಿರುವವರ ಪಾಲು. ನನ್ನ ಪಾಲು ಬ್ಯಾಂಕಿನಲ್ಲಿ ತೆಪ್ಪಗೆ ಕೂತಿದೆ. ನಿಮ್ಮ ಪಾಲಿಗೆ ಈಗ ಎರಡು ಬಾಗಿಲು ಬಂದಿಲ್ಲ ತಾನೆ? ಆ ಹುಡುಗಿ ನಮ್ಮ ಮನೆತನದಲ್ಲಿ ನಿಂತು ದುಡಿಯದೆ ಕೂತು ದುಡಿಯುವ ಮೊದಲ ಹೆಂಗಸಾಗಬೇಕು. ಅದೊಂದು ಆಗಲಿ, ಆಮೇಲೆ ನೀವು ಫ್ರಿಜ್ಜಿನೊಳಗೇ ಹೋಗಿ ಕೂತರೂ ನಾನು ಕೇಳುವುದಿಲ್ಲ.

ನಿನಗಾಗಿ ಹೊಟ್ಟೆ ಉರಿಸಿಕೊಳ್ಳುವ,
ಅಕ್ಕ


ಜನವರಿ 24

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ಕೊನೆಯವರೆಗೂ ಓದಿದೆ, ನೀನು ಹೇಳಿದ ಹಾಗೇ.

ನೀನು ಕಂಪನಿ ಸಾಲುಮನೆಯಲ್ಲಿ ಒಂದು ತಿಂಗಳು ಇದ್ದು ನೋಡಬೇಕು ಅಕ್ಕಾ, ಆಮೇಲೆ ಮಾತಾಡು. ಇಲ್ಲಿ ಒಂದು ಮನೆಯ ಕೆಮ್ಮು ಎಂಟನೇ ಮನೆಗೆ ಕೇಳುತ್ತದೆ. ಹೋದ ಸಲ ಕಾರ್ಖಾನೆಯಿಂದ ಜನರನ್ನು ತೆಗೆದಾಗ ಮೊದಲು ಹೋದವನು ನಮ್ಮ ಎದುರು ಮನೆಯವನು, ಡಬ್ಬಕ್ಕೆ ಪಿನ್ ಹೊಡೆಯುವ ಮೆಷಿನ್‌ನವನು. ಅವನ ಹೆಂಡತಿ ಹಾಲು ಅರ್ಧಕ್ಕಿಳಿಸಿದ್ದಳು, ಪೇಪರ್ ನಿಲ್ಲಿಸಿದ್ದಳು, ಮಗನ ಟ್ಯೂಷನ್ ಬಿಡಿಸಿದ್ದಳು. ಆ ಸುದ್ದಿ ಸೂಪರ್‌ವೈಸರ್ ಕಿವಿಗೆ ಹೋಯಿತು. "ಇವನು ಆಗಲೇ ಒಂದು ಕಾಲು ಹೊರಗಿಟ್ಟಿದಾನೆ, ಹೋಗ್ಲಿ ಬಿಡಿ" ಅಂದನಂತೆ. ಅವತ್ತಿನಿಂದ ಸಾಲುಮನೆಯಲ್ಲಿ ಯಾರೂ ಹಾಲು ಇಳಿಸುವುದಿಲ್ಲ. ಹೆದರಿಕೊಂಡವರ ಹೆಸರೇ ಮೊದಲು ಬರುವುದು ಎಂದು ಎಲ್ಲರಿಗೂ ಗೊತ್ತು.

ಅದಕ್ಕೇ ಈಗ ಡಬ್ಬ ಇಡುತ್ತಾರೆ. ಹೊಸ ಸಾಮಾನು ಬಂದರೆ ಅದರ ಖಾಲಿ ಡಬ್ಬವನ್ನು ಯಾರೂ ಹರಿದು ಹಾಕುವುದಿಲ್ಲ, ಬಾಗಿಲ ಮುಂದೆ ನಿಲ್ಲಿಸುತ್ತಾರೆ. ನಮ್ಮ ಸಾಲಿನಲ್ಲಿ ಈಗ ಟಿವಿ ಡಬ್ಬ ಎರಡು, ಬಟ್ಟೆ ಒಗೆಯುವ ಮೆಷಿನ್ನಿನದು ಒಂದು, ಕೊನೆಯ ಮನೆಯ ಮುಂದೆ ಒಲೆಯದು. ಮೊನ್ನೆ ಒಬ್ಬ ಹೊಸ ವೆಲ್‌ಫೇರ್ ಆಫೀಸರ್ ಬಂದಿದ್ದಾನೆ, ಚಿಕ್ಕ ವಯಸ್ಸು, ಹೊಳೆಯುವ ಬೂಟು. ಸಂಜೆ ಹೊತ್ತು ಸಾಲಿನ ಉದ್ದಕ್ಕೂ ನಡೆದುಕೊಂಡು ಹೋಗುತ್ತಾನೆ, ಪ್ರತಿ ಡಬ್ಬದ ಮುಂದೆಯೂ ನಿಂತು, "ಓ, ಒಳ್ಳೇದು, ಒಳ್ಳೇದು" ಅನ್ನುತ್ತಾನೆ. ಅವನ ಮುಂದೆ ಬರಿಗೈಯಲ್ಲಿ ಬಾಗಿಲು ತೆರೆಯಲು ಯಾರಿಗಾದರೂ ಧೈರ್ಯ ಬರುತ್ತದೆಯೇ?

ಇವರು ಕತ್ತರಿ ಮೆಷಿನ್ ಮುಂದೆ ಇರುವವರು, ಎಲ್ಲರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ. ಫ್ರಿಜ್ ಕಂಪನಿಯವರು ಅಂಗಡಿಗಳಲ್ಲಿ ಮುಂದೆ ಎಷ್ಟು ಫ್ರಿಜ್ ಹೋಗುತ್ತವೆ ಎಂದು ಲೆಕ್ಕ ಹಾಕಿ ಅಷ್ಟೇ ಡಬ್ಬಕ್ಕೆ ಹೇಳುತ್ತಾರಲ್ಲ. ಈ ಸಲ ಬೇಸಿಗೆಯ ಡಬ್ಬ ಅರ್ಧದಷ್ಟೂ ಇಲ್ಲ. "ಊರಿನವರೆಲ್ಲ ಕೈ ಬಿಗಿ ಹಿಡಿದುಬಿಟ್ರು ಕಣೇ. ಅವರು ಕೊಳ್ಳಲ್ಲ ಅಂದ್ರೆ ನಾವಾದ್ರೂ ಕೊಳ್ಳೋಣ, ನಮ್ಮ ಕೆಲಸ ಉಳಿಯುತ್ತೆ" ಎಂದು ಇವರು ತಮಾಷೆ ಮಾಡುತ್ತಾರೆ. ನಿನಗೆ ನಗು ಬರುವುದಿಲ್ಲ, ಗೊತ್ತು.

ಇವರನ್ನು ದೊರೆ, ದೊರೆ ಎಂದು ಬರೆಯಬೇಡ. ಮದುವೆಯ ದಿನ ನೀನು ಎಲ್ಲರ ಮುಂದೆ "ಡಬ್ಬ ಮಡಿಸೋನಿಗೆ ಕೊಟ್ರಲ್ಲ" ಅಂದದ್ದು ಇವರು ಮರೆತಿದ್ದಾರೆ. ನಾನು ಮರೆತಿಲ್ಲ. ಆ ಡಬ್ಬ ಮಡಿಸುವವರ ಮನೆಗೇ ಈಗ ಎರಡು ಬಾಗಿಲಿನ ಫ್ರಿಜ್ ಬಂದಿದೆ. ನಿನ್ನ ಕೋಣೆಯಲ್ಲಿ ಇನ್ನೂ ಆ ಸೊಟ್ಟ ಬಾಗಿಲಿನ ಹಳೆಯದೇ ಇರಬೇಕಲ್ಲ?

ಕೂಸು ಚೆನ್ನಾಗಿ ಓದುತ್ತಿದ್ದಾಳೆ.

ನಿನ್ನ ತಂಗಿ


ಫೆಬ್ರವರಿ 3

ತಂಗಿಗೆ,

ನಾಲ್ಕು ಪುಟ ಬರೆದಿದ್ದೀಯ. ಕೂಸಿನ ಹಣ ಇದೆಯೋ ಇಲ್ಲವೋ ಎಂದು ಒಂದು ಸಾಲು ಕೇಳಿದ್ದೆ, ಅದಕ್ಕೆ "ಚೆನ್ನಾಗಿ ಓದುತ್ತಿದ್ದಾಳೆ" ಎಂಬ ಉತ್ತರ. ಓದದೆ ಏನು ಮಾಡುತ್ತಾಳೆ, ಆ ಮನೆಯಲ್ಲಿ ಅವಳೊಬ್ಬಳೇ ಬುದ್ಧಿ ಇರುವವಳು.

ಅಲ್ಲ ಕಣೇ, ಹಾಲು ಇಳಿಸಿದವನ ಕೆಲಸ ಹೋಯಿತು, ಅದಕ್ಕೇ ನಾವು ಫ್ರಿಜ್ ಕೊಂಡೆವು ಎಂದರೆ ಏನರ್ಥ? ಆ ಬೂಟಿನವನು ಒಳ್ಳೇದು ಒಳ್ಳೇದು ಅಂದನಂತೆ, ನೀವೆಲ್ಲ ಹಲ್ಲು ಕಿರಿದು ನಿಂತಿರಂತೆ. ಎಂಥ ಜನ ನೀವು! ರಟ್ಟಿನ ಡಬ್ಬ ಮಾಡಿ ಮಾಡಿ ತಲೆಯೊಳಗೂ ರಟ್ಟೇ ತುಂಬಿದೆ. ಫ್ರಿಜ್ಜಿನ ಡಬ್ಬ ಅರ್ಧಕ್ಕಿಳಿದಿದೆ ಎಂದು ನಿನ್ನ ದೊರೆಗೆ ಎಲ್ಲರಿಗಿಂತ ಮೊದಲು ಗೊತ್ತಂತೆ. ಗೊತ್ತಿದ್ದೂ ಕೊಂಡನಲ್ಲ, ಅವನಿಗಿಂತ ಗೊತ್ತಿಲ್ಲದೆ ಕೊಂಡ ಬೆಪ್ಪನೇ ಮೇಲು.

ನಮ್ಮ ಅಂಗಡಿಯ ಮಾಲೀಕನಿಗೆ ನಾವು ಇಟ್ಟ ಹೆಸರು ರಿಯಾಯಿತಿರಾಯ. ಅವನಂತೂ ಈಗ ಕುಣಿದಾಡುತ್ತಿದ್ದಾನೆ. ಬಾಗಿಲಿಗೆ ದೊಡ್ಡ ಬೋರ್ಡು ಹಾಕಿದ್ದಾನೆ, ಈಗಲೇ ಕೊಳ್ಳಿ, ಆಮೇಲೆ ಕೊಡಿ ಎಂದು. ಜನ ನೂಕುನುಗ್ಗಲು. ಶಾಲೆಯ ಮೇಷ್ಟರೊಬ್ಬರು ಬಂದು ಮಂಚ ಕೊಂಡರು, ತಲೆದೆಸೆಗೆ ದೀಪ ಇರುವಂಥದು. ಅವರ ಶಾಲೆ ಮುಚ್ಚುತ್ತಿದೆಯಂತೆ. "ಇನ್ಮೇಲೆ ಕೊಳ್ಳೋಕೆ ಆಗುತ್ತೋ ಇಲ್ವೋ, ಇದೊಂದು ಆಗಿಬಿಡ್ಲಿ" ಅಂದರು. ಕೆಲಸ ಹೋದವನು ದೀಪ ಹಾಕಿಕೊಂಡು ಮಲಗುವುದು ಎಷ್ಟು ಹೊತ್ತು ಎಂದು ಕೇಳಬೇಕೆನ್ನಿಸಿತು. ಬಾಯಿಗೆ ಬಂದದ್ದನ್ನು ನುಂಗಿದೆ. ಗಿರಾಕಿಯ ಮುಂದೆ ನುಂಗಿದ್ದನ್ನೆಲ್ಲ ನಿನಗೆ ಬರೆಯುತ್ತಿದ್ದೇನೆ.

ನನ್ನ ಸೊಟ್ಟ ಬಾಗಿಲಿನ ಫ್ರಿಜ್ ಬಗ್ಗೆ ಕೇಳಿದ್ದೀಯ. ಇದೆ. ಬಾಗಿಲಿಗೆ ಒಂದು ಸ್ಟೂಲು ಒತ್ತಿಟ್ಟರೆ ಮುಚ್ಚಿಕೊಳ್ಳುತ್ತದೆ. ನಾನು ಯಾರಿಗೂ ತೋರಿಸಲು ಕೊಂಡದ್ದಲ್ಲ, ಮೊಸರು ಇಡಲು ಕೊಂಡದ್ದು.

ಈಗ ನೇರವಾಗಿ ಕೇಳುತ್ತೇನೆ, ನೇರವಾಗಿ ಬರೆ. ಕೂಸಿನ ಫೀಸಿನ ನಿಮ್ಮ ಅರ್ಧ ಇದೆಯೋ ಇಲ್ಲವೋ? ಇದ್ದರೆ ಇದೆ ಅನ್ನು, ಇಲ್ಲವಾದರೆ ಇಲ್ಲ ಅನ್ನು. ಅರ್ಧ ಫೀಸಿಗೆ ಅರ್ಧ ಸೀಟು ಯಾರೂ ಕೊಡುವುದಿಲ್ಲ. ನಿಮ್ಮದಿಲ್ಲವಾದರೆ ನನ್ನದನ್ನು ಕಳಿಸಿ ನಿನ್ನ ದೊರೆಯ ಮುಂದಿನ ಟಿವಿಗೆ ದಾರಿ ಮಾಡಿಕೊಡಲು ನನಗೇನು ಹುಚ್ಚಿಲ್ಲ.

ಅಕ್ಕ


ಫೆಬ್ರವರಿ 12

ಅಕ್ಕನಿಗೆ,

ನಮ್ಮ ಮನೆಯ ವಿಷಯ ನಾವು ನೋಡಿಕೊಳ್ಳುತ್ತೇವೆ. ನಿನಗೆ ಲೆಕ್ಕ ಒಪ್ಪಿಸಲು ನಾನು ನಿಮ್ಮ ಅಂಗಡಿಯ ಕೆಲಸದವಳಲ್ಲ. ನಮ್ಮ ತಲೆಯೊಳಗೆ ರಟ್ಟು ಇದ್ದರೆ ನಮ್ಮ ಜೊತೆ ನಿನಗೇನು ಮಾತು?

ಮೊನ್ನೆ ಬಟ್ಟೆ ಒಗೆಯುವ ಮೆಷಿನ್ ಕೂಡ ಬಂತು. ಅದರ ಡಬ್ಬವೂ ಬಾಗಿಲ ಮುಂದೆ ಇದೆ. ಬೇಕಾದರೆ ಬಂದು ನೋಡಿ ಹೋಗು.

ತಂಗಿ


ಮಾರ್ಚ್ 29

ತಂಗಿಗೆ,

ನೀನು ಬರೆಯದೆ ಒಂದೂವರೆ ತಿಂಗಳಾಯಿತು. ನಾನೂ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಒಂದು ಸುದ್ದಿ ಹೇಳದೆ ಇರಲಾರೆ. ಬೇರೆ ಯಾರಿಗೆ ಹೇಳಲಿ, ಈ ವಠಾರದಲ್ಲಿ ಎಲ್ಲರೂ ನನ್ನ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ರಿಯಾಯಿತಿರಾಯ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ, ಏಪ್ರಿಲ್‌ನಿಂದ ಕಮಿಷನ್ ಇಲ್ಲ, ಬರೀ ಸಂಬಳ. ಮೇಲಿನ ಮಹಡಿಗೆ ಬೀಗ. ಕೊಳ್ಳುವವರೆಲ್ಲ ಕೊಂಡು ಮುಗಿಸಿದರಂತೆ, ಇನ್ನು ಎರಡು ವರ್ಷ ಈ ಕಡೆ ತಲೆ ಹಾಕುವುದಿಲ್ಲವಂತೆ. ಅದನ್ನು ಅವನು ದುಃಖದಿಂದೇನೂ ಹೇಳಲಿಲ್ಲ, ಬಾಯಲ್ಲಿ ಏನೋ ಅಗಿಯುತ್ತಾ ಹೇಳಿದ. ನನ್ನ ಜೀವನ ನಡೆಯುವುದೇ ಕಮಿಷನ್ನಿನ ಮೇಲೆ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಮೇಲಿನ ಮಹಡಿಯ ಸಾಮಾನು ಕೆಳಗಿಳಿಸುವಾಗ ಅಲ್ಲಿದ್ದ ಕಾಲು ಚಾಚುವ ಕುರ್ಚಿಯೂ ಇಳಿಯಿತು. ಕಡು ಹಸಿರು ಬಣ್ಣ, ಪಕ್ಕದ ಹಿಡಿಕೆ ಎಳೆದರೆ ಬೆನ್ನು ಹಿಂದಕ್ಕೆ ವಾಲುತ್ತದೆ, ಪಾದದ ಕೆಳಗೆ ಮೆತ್ತೆ ಬರುತ್ತದೆ. ಆ ಅಂಗಡಿ ಸೇರಿದ ದಿನದಿಂದ ಅದನ್ನು ಒರೆಸಿದ್ದೇನೆ, ಹಿಡಿಕೆ ಎಳೆದು ಸಾವಿರ ಜನಕ್ಕೆ ತೋರಿಸಿದ್ದೇನೆ, "ಕೂತು ನೋಡಿ ಸರ್, ಎದ್ದೇಳೋಕೆ ಮನಸ್ಸಾಗಲ್ಲ" ಅಂದಿದ್ದೇನೆ. ನಾನು ಕೂತಿರಲಿಲ್ಲ. ಅಂಗಡಿಯ ಸಾಮಾನಿನ ಮೇಲೆ ನಾವು ಕೂರುವಂತಿಲ್ಲ, ಬೆಳಗ್ಗೆ ಬಂದರೆ ರಾತ್ರಿಯವರೆಗೆ ನಿಂತೇ ಇರಬೇಕು. ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದೊಳಕ್ಕೆ ಇಳಿದಿರುತ್ತದೆ.

ಅದನ್ನು ಕೊಂಡುಬಿಟ್ಟೆ. ಕೆಲಸದವರಿಗೆ ರಿಯಾಯಿತಿ ಕಳೆದೂ ಬೆಲೆ ಬೆಲೆಯೇ. ಕೂಸಿನ ಪಾಲಿಗೆಂದು ಇಟ್ಟಿದ್ದ ಹಣದಿಂದಲೇ ಕೊಟ್ಟೆ. ಹೌದು, ಕಣ್ಣು ಅಗಲಿಸಬೇಡ. ನಿಮ್ಮ ಅರ್ಧ ಫ್ರಿಜ್ಜಿಗೂ ಬಟ್ಟೆ ಮೆಷಿನ್ನಿಗೂ ಹೋಯಿತು, ಒಂಟಿ ಅರ್ಧ ಇಟ್ಟುಕೊಂಡು ನಾನೇನು ಮಾಡಲಿ, ಆರತಿ ಎತ್ತಲೇ? ಫೀಸು ಹೇಗೂ ಕಟ್ಟುವಂತಿಲ್ಲ. ಜಗತ್ತೆಲ್ಲ ಮುಳುಗುವ ಮುಂಚೆ ಒಂದೊಂದು ಕೊಂಡುಕೊಳ್ಳುವಾಗ ನಾನೊಬ್ಬಳು ಸ್ಟೂಲು ಒತ್ತಿಟ್ಟ ಫ್ರಿಜ್ ಕಾಯುತ್ತಾ ಕೂರಬೇಕೇ?

ಕೋಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಿಡಿಕೆ ಎಳೆದರೆ ಪಾದ ಗೋಡೆಗೆ ತಾಗುತ್ತದೆ. ಆದರೂ ಮೊದಲ ದಿನ ಅಂಗಡಿಯಿಂದ ಬಂದವಳು ಬಟ್ಟೆ ಕೂಡ ಬದಲಿಸದೆ ಅದರಲ್ಲಿ ಕೂತೆ. ಸುಖವಾಗಿತ್ತು. ಇದರಲ್ಲಿ ಸುಳ್ಳೇನಿದೆ, ಸುಖವಾಗಿತ್ತು ಕಣೇ.

ಕೂಸಿಗೆ ಏನು ಹೇಳುತ್ತೀಯೋ ನೀನೇ ಹೇಳಿಕೋ. ಪಾಪದಲ್ಲಿ ದೊಡ್ಡ ಪಾಲು ನಿಮ್ಮದು.

ಅಕ್ಕ


ಏಪ್ರಿಲ್ 8

ಅಕ್ಕಾ,

ನಿನ್ನ ಕಾಗದ ಮೂರು ಸಲ ಓದಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಕೆಟ್ಟದಾಗಿರುತ್ತದೆ, ಸಹಿಸಿಕೋ.

ಫ್ರಿಜ್ ಇಲ್ಲ ಅಕ್ಕಾ. ಬಟ್ಟೆ ಮೆಷಿನ್ನೂ ಇಲ್ಲ. ನಾವು ಏನೂ ಕೊಂಡಿಲ್ಲ. ಕಾರ್ಖಾನೆಯಲ್ಲಿ ಅಚ್ಚು ತಪ್ಪಿದ ಡಬ್ಬಗಳನ್ನು ಒಂದು ಮೂಲೆಗೆ ಎಸೆಯುತ್ತಾರೆ. ಈ ಕಡೆ ಮೇಲೆ ಎಂದು ಬಾಣದ ಗುರುತು ಇರುತ್ತದಲ್ಲ, ಅದು ತಲೆಕೆಳಗಾಗಿ ಬಿದ್ದಿರುವಂಥವು. ಇವರು ಅಂಥದೊಂದನ್ನು ಚಪ್ಪಟೆ ಮಡಿಸಿ ಸೈಕಲ್ ಹಿಂದೆ ಕಟ್ಟಿಕೊಂಡು ಬಂದರು. ಮನೆಯಲ್ಲಿ ಬಿಡಿಸಿ ಪಿನ್ ಹೊಡೆದು, ಟೇಪ್ ಹಚ್ಚಿ, ಬಿಚ್ಚಿದ ಹಾಗೆ ಕಾಣಲಿ ಎಂದು ಟೇಪನ್ನು ಮತ್ತೆ ಹರಿದು, ಬಾಣ ಇರುವ ಕಡೆಯನ್ನು ಗೋಡೆಗೆ ತಿರುಗಿಸಿ ಬಾಗಿಲ ಮುಂದೆ ನಿಲ್ಲಿಸಿದೆವು. ಒಳಗೆ ಒಂದು ಇಟ್ಟಿಗೆ ಇಟ್ಟೆವು, ಗಾಳಿಗೆ ಹಾರಬಾರದು ಅಂತ. ಬಟ್ಟೆ ಮೆಷಿನ್ನಿನ ಡಬ್ಬವೂ ಹೀಗೇ ಬಂದದ್ದು.

ಕೂಸಿನ ಹಣದ ನಮ್ಮ ಅರ್ಧ ಬ್ಯಾಂಕಿನಲ್ಲೇ ಇದೆ. ಒಂದು ಕಾಸೂ ತೆಗೆದಿಲ್ಲ.

ನಿನಗೇಕೆ ಹೇಳಲಿಲ್ಲ ಅನ್ನುತ್ತೀಯ. ಸಾಲುಮನೆಯವರ ಕಣ್ಣಿಗೆ ಮಣ್ಣೆರಚಲು ಇಟ್ಟ ಡಬ್ಬ ಅದು, ಬರೆಯಲು ಕೂತಾಗ ನಿನ್ನ ಕಣ್ಣಿಗೂ ಎರಚಿದೆ. ಒಂದೇ ಒಂದು ಸಲ ನಿನಗೆ ನಮ್ಮ ಮೇಲೆ ಹೊಟ್ಟೆಕಿಚ್ಚಾಗಲಿ ಅನ್ನಿಸಿತು. ನೀನು ಹೊಟ್ಟೆಕಿಚ್ಚುಪಡಲಿಲ್ಲ, ಬೈದೆ. ಬೈದಷ್ಟೂ ನನಗೆ ಹಟ ಬಂತು. ನೇರವಾಗಿ ಕೇಳಿದೆಯಲ್ಲ, ಅವತ್ತು ನೇರವಾಗಿ ಬರೆಯಬೇಕಿತ್ತು. "ತಲೆಯೊಳಗೆ ರಟ್ಟು" ಎಂಬುದನ್ನು ಓದಿದ ಮೇಲೆ ಬರೆಯಲಾಗಲಿಲ್ಲ.

ಇನ್ನೊಂದು ಕೇಳು. ಹೋದ ತಿಂಗಳು ಜೋರು ಗಾಳಿ ಬಂದಾಗ ಪಕ್ಕದ ಮನೆಯ ಟಿವಿ ಡಬ್ಬ ಉರುಳಿ ನಮ್ಮ ಮೆಟ್ಟಿಲ ಬಳಿ ಬಿತ್ತು. ಎತ್ತಿ ನಿಲ್ಲಿಸಲು ಹೋದೆ, ಅದರ ಬಾಣವೂ ತಲೆಕೆಳಗಿತ್ತು. ಪಕ್ಕದವಳು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಣದ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟು ಬಂದೆ. ಆಮೇಲೆ ನೋಡಿದರೆ ಸಾಲಿನ ಮುಕ್ಕಾಲು ಡಬ್ಬಗಳದೂ ಒಂದು ಮುಖ ಗೋಡೆಗೆ ಅಂಟಿಕೊಂಡೇ ಇದೆ. ಡಬ್ಬ ಮಾಡುವವರ ಸಾಲುಮನೆಯಲ್ಲಿ ಅದು ಯಾರಿಗೂ ತಿಳಿಯದ್ದಲ್ಲ. ತಿಳಿಯದವನು ಆ ಬೂಟಿನವನೊಬ್ಬನೇ.

ಅವನಿಗಾಗಿಯೇ ಇಟ್ಟದ್ದು, ಅವನಿಂದಲೇ ಹಾಳಾದೆವು. ಮೊನ್ನೆ ಎಲ್ಲರನ್ನೂ ಕ್ಯಾಂಟೀನಿಗೆ ಕರೆಸಿ ಕೆಲಸದಿಂದ ತೆಗೆದವರ ಹೆಸರು ಓದಿದ. "ಈ ಸಲ ಕಂಪನಿ ಮಾನವೀಯತೆಯಿಂದ ನೋಡಿದೆ, ಕಷ್ಟದಲ್ಲಿರೋರನ್ನ ಉಳಿಸ್ಕೊಂಡಿದೀವಿ. ಮನೇಲಿ ಅನುಕೂಲ ಇರೋರು ಮೊದಲು ತ್ಯಾಗ ಮಾಡ್ಲಿ" ಅಂದ. ಇವರ ಹೆಸರು ಎರಡನೆಯದು. ಬಾಗಿಲ ಮುಂದೆ ಏನೂ ಇಡದೆ ಎಲ್ಲರ ನಗೆಗೆ ಗುರಿಯಾಗಿದ್ದ ಮೊದಲ ಮನೆಯ ಮುದುಕ ಉಳಿದ.

ಇವರು ಅವನ ಕೋಣೆಗೆ ಹೋಗಿ, "ಸಾರ್, ಡಬ್ಬ ಖಾಲಿ ಸಾರ್, ನಾವೇನೂ ಕೊಂಡಿಲ್ಲ" ಅಂದರಂತೆ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಹಾಗಾದ್ರೆ ಡಬ್ಬ ಎಲ್ಲಿಂದ ಬಂತು?" ಎಂದು ಕೇಳಿದನಂತೆ. ಕಂಪನಿ ಮಾಲು ಕದ್ದೆ ಎಂದು ಬರೆದುಕೊಟ್ಟರೆ ಬರಬೇಕಾದ ಹಣವೂ ಬರುವುದಿಲ್ಲ. ಇವರು ಎದ್ದು ಬಂದರು. ಅವತ್ತಿನಿಂದ ಮಾತೇ ಕಡಿಮೆ.

ಅಕ್ಕಾ, ಬೈಯುವುದಿದ್ದರೆ ಆಮೇಲೆ ಬೈ. ಇಪ್ಪತ್ತನೇ ತಾರೀಕಿಗೆ ಇನ್ನು ಹೆಚ್ಚು ದಿನ ಇಲ್ಲ. ಆ ಕುರ್ಚಿ ವಾಪಸ್ ಕೊಡು. ಏನಾದರೂ ಮಾಡು. ಇವರಿಗೆ ಬರಬೇಕಾದದ್ದು ಬರುವುದು ಮಳೆಗಾಲ ಕಳೆದ ಮೇಲೆ. ಈಗ ಇರುವುದು ನಮ್ಮ ಅರ್ಧ, ನಿನ್ನ ಅರ್ಧ.

ನಿನ್ನ ತಂಗಿ


ಏಪ್ರಿಲ್ 13

ತಂಗಿಗೆ,

ಇಷ್ಟು ದಿನ ನಾನು ಊರಿನವರನ್ನೆಲ್ಲ ಬೆಪ್ಪುತಕ್ಕಡಿಗಳು ಎಂದು ಬರೆದೆ. ಆ ಬೆಪ್ಪುಗಳಾದರೂ ತಮ್ಮ ಹಣದಲ್ಲಿ ಕೊಂಡರು. ನಾನು ಕೂಸಿನ ಹಣದಲ್ಲಿ ಕೊಂಡೆ. ನೀನು ಬರೆಯಲಿಲ್ಲ, ನಿಜ. ನೀನು ಬರೆಯದಿದ್ದರೆ ನಾನು ಬಸ್ಸು ಹತ್ತಿ ಬಂದು ನೋಡಬಹುದಿತ್ತು. ಬಂದು ನೋಡು ಎಂದು ನೀನೇ ಬರೆದಿದ್ದೆ ಬೇರೆ. ಬರಲಿಲ್ಲ, ಯಾಕೆಂದರೆ ನೀವು ಕೆಟ್ಟಿದ್ದೀರಿ ಎಂದು ತಿಳಿದುಕೊಂಡಿರುವುದು ನನಗೆ ಹಿತವಾಗಿತ್ತು. ಆ ಹಿತ ಬಿಟ್ಟು ಬರಲು ಮನಸ್ಸಾಗಲಿಲ್ಲ. ಥೂ ನನ್ನ ಜನ್ಮಕ್ಕೆ.

ಕಾಗದ ಕೈಗೆ ಬಂದ ದಿನವೇ ರಿಯಾಯಿತಿರಾಯನ ಮುಂದೆ ಹೋಗಿ ನಿಂತೆ. ಕುರ್ಚಿ ವಾಪಸ್ ತೆಗೆದುಕೊಳ್ಳಿ ಅಂದೆ. "ಕೂತ ಕುರ್ಚಿ ಹಳೇ ಕುರ್ಚಿ ಮೇಡಮ್. ಗಿರಾಕಿಗಳಿಗೆ ನೀವೇ ತಾನೇ ಹೇಳೋದು?" ಅಂದ. ಹೌದು, ಹಾಗೆ ಹೇಳಿ ನಾನು ಎಷ್ಟೋ ಜನರನ್ನು ಬಾಗಿಲಿನಿಂದಲೇ ಕಳಿಸಿದ್ದೇನೆ, ಹೇಳಿ ಖುಷಿಪಟ್ಟಿದ್ದೇನೆ. ಅರ್ಧ ಬೆಲೆಗಾದರೂ ತೆಗೆದುಕೊಳ್ಳಿ ಅಂದೆ. "ಮೇಲಿನ ಮಹಡಿಗೇ ಬೀಗ ಹಾಕಿದೀನಿ, ಇದನ್ನೆಲ್ಲಿ ಇಡ್ಲಿ, ನನ್ನ ತಲೆ ಮೇಲಾ?" ಅಂದ.

ಮುಂಗಡ ಕೇಳಿದೆ, ಕೊಡಲಿಲ್ಲ. ನಮ್ಮ ಅಂಗಡಿಯಲ್ಲೇ ಕಂತಿನ ಸಾಲ ಬರೆಯುವವನೊಬ್ಬ ಮೇಜು ಹಾಕಿಕೊಂಡು ಕೂರುತ್ತಾನೆ, ಸಂಬಳದ ಚೀಟಿ ತೋರಿಸಿದರೆ ಐದು ನಿಮಿಷಕ್ಕೆ ಎಂಟು ಜನರ ಊಟದ ಮೇಜಿಗೆ ಸಾಲ ಕೊಡುತ್ತಾನೆ. ಅವನ ಹತ್ತಿರ ಹೋಗಿ ಹುಡುಗಿಯ ಫೀಸಿಗೆ ಕೊಡು ಅಂದೆ. "ಅದಕ್ಕೆಲ್ಲ ಕೊಡಲ್ಲಮ್ಮ, ಸೋಫಾ ಬೇಕಾದ್ರೆ ಹೇಳಿ" ಅಂದ.

ವಠಾರದಲ್ಲಿ ಬಾಗಿಲು ಬಾಗಿಲು ತಟ್ಟಿ ಕುರ್ಚಿ ಬೇಕಾ ಎಂದು ಕೇಳಿದೆ. ನಾನು, ಬಾಗಿಲು ತಟ್ಟುವುದು! ಒಬ್ಬಳು ಹಿಡಿಕೆ ಎಳೆದು ಆಟ ಆಡಿ ಎದ್ದು ಹೋದಳು. ಯಾರಿಗೂ ಏನೂ ಬೇಡ. ಜನವರಿಯಲ್ಲಿ ಹುಚ್ಚು ಹಿಡಿದವರಂತೆ ಕೊಂಡವರೆಲ್ಲ ಏಪ್ರಿಲ್‌ನಲ್ಲಿ ಒಮ್ಮೆಲೇ ಜಾಣರಾಗಿದ್ದಾರೆ, ನನಗೆ ಬೇಕಾದ ಹೊತ್ತಿಗೆ ಸರಿಯಾಗಿ.

ಕುರ್ಚಿಗೆ ಕೊಟ್ಟು ಉಳಿದದ್ದು, ಈ ತಿಂಗಳ ಸಂಬಳದಲ್ಲಿ ಬಾಡಿಗೆ ಬಿಟ್ಟು ಉಳಿದದ್ದು, ಕಿವಿಯ ಓಲೆ ಕೊಟ್ಟು ಬಂದದ್ದು, ಎಲ್ಲ ಸೇರಿಸಿ ಮನಿಯಾರ್ಡರ್ ಮಾಡಿದ್ದೇನೆ. ಸಾಲುವುದಿಲ್ಲ, ಗೊತ್ತು. ಕೂಸನ್ನು ಕರೆದುಕೊಂಡು ಕಾಲೇಜಿಗೆ ಹೋಗು, ಕಾಲು ಹಿಡಿ, ಒಂದು ತಿಂಗಳು ಸಮಯ ಕೇಳು. ನನ್ನ ಹೆಸರು ಹೇಳಬೇಡ. ಇಲ್ಲ, ಹೇಳು. ದೊಡ್ಡಮ್ಮ ಒಬ್ಬಳು ದಂಡಪಿಂಡ ಇದ್ದಾಳೆ, ಅವಳಿಂದ ಹೀಗಾಯಿತು ಅನ್ನು.

ಏನಾಯಿತೆಂದು ತಕ್ಷಣ ಬರೆ.

ಅಕ್ಕ


ಜೂನ್ 2

ದೊಡ್ಡಮ್ಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಅಮ್ಮ ಹೇಳಿದ್ದಾಳೆ. ಬರೆದಿದ್ದೇನೆ.

ಮನಿಯಾರ್ಡರ್ ಕಳಿಸಿದ ಮೇಲೆ ನೀವು ಬರೆದ ಮೂರು ಕಾಗದಗಳಿಗೂ ಅಮ್ಮ ಉತ್ತರ ಬರೆಯಲಿಲ್ಲ. ಬರೆಯಲು ಕೂರುತ್ತಾಳೆ, ಅಳುತ್ತಾಳೆ, ಏಳುತ್ತಾಳೆ. ನೀವು ಬೈದುಕೊಂಡು ಬರೆಯುತ್ತೀರಿ, ಅವಳು ಅತ್ತುಕೊಂಡು ಬರೆಯುವುದಿಲ್ಲ. ಇಬ್ಬರಿಗೂ ಪುರುಸೊತ್ತಿದೆ. ನನಗಿಲ್ಲ, ಎರಡನೇ ಪಾಳಿಗೆ ಹೋಗಬೇಕು, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ಸೀಟು ಹೋಯಿತು. ಅಮ್ಮ ಕಾಲೇಜಿನಲ್ಲಿ ಅವರ ಕಾಲು ಹಿಡಿಯಲು ಬಗ್ಗಿದಳು, ನಾನು ತೋಳು ಹಿಡಿದು ಎಬ್ಬಿಸಿದೆ. ಗುಮಾಸ್ತ ಒಳ್ಳೆಯವನು, "ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಮ್ಮ" ಅಂದ. ಆಮೇಲೆ ನನ್ನ ಹಿಂದೆ ನಿಂತಿದ್ದ ಹುಡುಗಿಯ ಹೆಸರು ಕರೆದ.

ಅಪ್ಪನ ಕೆಲಸ ಹೋದಮೇಲೆ ಮನೆ ಖಾಲಿ ಮಾಡಬೇಕಿತ್ತು. ಮನೆಯವರಲ್ಲಿ ಯಾರಾದರೂ ಕಾರ್ಖಾನೆಯಲ್ಲಿದ್ದರೆ ಇರಬಹುದಂತೆ. ದೊಡ್ಡವರನ್ನು ತೆಗೆದು ಈಗ ನಮ್ಮಂಥ ಹುಡುಗಿಯರನ್ನು ದಿನಗೂಲಿಗೆ ತೆಗೆದುಕೊಳ್ಳುತ್ತಿದ್ದಾರೆ, ಅಪ್ಪನ ಅರ್ಧ ಸಂಬಳಕ್ಕೆ. ನಾನು ಸೇರಿದೆ. ಬೂಟಿನವನು ಕೈಕುಲುಕಿ, "ಒಳ್ಳೇದು, ಒಳ್ಳೇದು" ಅಂದ. ಅಪ್ಪ ನಿಲ್ಲುತ್ತಿದ್ದ ಕತ್ತರಿ ಮೆಷಿನ್ ಮುಂದೆಯೇ ನನ್ನನ್ನು ನಿಲ್ಲಿಸಿದ್ದಾರೆ. ಹೇಗೆ ರಟ್ಟು ಕೊಡಬೇಕು, ಬೆರಳು ಎಲ್ಲಿಡಬಾರದು ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿಕೊಡುತ್ತಾನೆ. ಈಗ ಅವನು ಮಾತಾಡುವುದು ಅದೊಂದೇ.

ನಿಮ್ಮ ಕಾಗದಗಳನ್ನೆಲ್ಲ ಓದಿದೆ, ಅಮ್ಮ ಹಾಸಿಗೆ ಕೆಳಗೆ ಇಟ್ಟಿದ್ದಾಳೆ. ಅವಳು ಕಳಿಸಿದ್ದರಲ್ಲಿ ಏನಿತ್ತು ಎಂದು ನಿಮ್ಮ ಬೈಗುಳದಿಂದಲೇ ತಿಳಿಯಿತು. ನಾಲ್ಕು ತಿಂಗಳು ಅಕ್ಕತಂಗಿ ಒಬ್ಬರಿಗೊಬ್ಬರು ದೊಡ್ಡಸ್ತಿಕೆ ತೋರಿಸಿಕೊಂಡಿರಿ. ಅವಳು ಇಲ್ಲದ ಫ್ರಿಜ್ ತೋರಿಸಿದಳು, ನೀವು ಇರುವ ಬುದ್ಧಿ ತೋರಿಸಿದಿರಿ. ಎಲ್ಲವೂ ನನ್ನ ಒಳ್ಳೆಯದಕ್ಕಂತೆ. ನನಗೆ ಒಂದು ಮಾತು ಬರೆದು ಕೇಳಿದ್ದರೆ ಸಾಕಿತ್ತು. ಡಬ್ಬ ಖಾಲಿ ಎಂದು ನನಗೆ ಗೊತ್ತಿತ್ತು. ಟೇಪ್ ಹಚ್ಚಿದವಳು ನಾನೇ.

ಕಿವಿಯ ಓಲೆ ಕೊಟ್ಟದ್ದನ್ನು ಮತ್ತೆ ಮತ್ತೆ ಬರೆಯಬೇಡಿ. ನೀವು ಕಳಿಸಿದ ಹಣವೂ ಅಮ್ಮನ ಅರ್ಧವೂ ಸೇರಿ ಮನೆ ನಡೆಯುತ್ತಿದೆ, ವಾಪಸ್ ಕೊಡುವುದಿಲ್ಲ. ಮುಂದಿನ ವರ್ಷದ ಮಾತನ್ನು ನೀವಿಬ್ಬರೂ ಎತ್ತಬೇಡಿ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಕುರ್ಚಿ ಇನ್ನೂ ಮಾರಾಟವಾಗಿಲ್ಲ, ನೋಡಿದರೆ ಮೈ ಉರಿಯುತ್ತದೆ, ಯಾರಿಗಾದರೂ ಬಿಟ್ಟಿ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದೀರಿ. ಯಾರಿಗೂ ಕೊಡಬೇಡಿ, ಇಲ್ಲಿಗೆ ಕಳಿಸಿ. ಪಾಳಿ ಮುಗಿಯುವವರೆಗೆ ಮೆಷಿನ್ ಮುಂದೆ ಕೂರಲು ಬಿಡುವುದಿಲ್ಲ, ಮನೆಗೆ ಬರುವಾಗ ಪಾದ ಊದಿಕೊಂಡಿರುತ್ತದೆ. ಅದು ನನ್ನ ಫೀಸಿನ ಹಣದ್ದು, ನಾನೇ ಕೂರುತ್ತೇನೆ. ಲಾರಿ ಬಾಡಿಗೆ ನೀವೇ ಕೊಡಿ.

ನಿಮ್ಮ ತಂಗಿಯ ಮಗಳು